ಸೆಪ್ಟೆಂಬರಿನ ಪಂಚಾಯಿತಿ

ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ ಪ್ರತಿವರ್ಷ ಆಗಸ್ಟ್ ಮುಗಿಯುತ್ತಿದ್ದಂತೆ ಅಭಿಮಾನಿಗಳ ನಡುವೆ ಒಂದು ಪಂಚಾಯಿತಿ ಸೇರುತ್ತದೆ. ಅದರ ಮುಂದೆ ಕೈಕಟ್ಟಿ ನಿಲ್ಲಬೇಕಾದವರು ತಂಡದ ಎಳೆಯ ಸ್ಟಾರ್ಟಿಂಗ್ ಪಿಚರ್‌ಗಳು, ಎಂದರೆ ಪಂದ್ಯದ ಮೊದಲ ಎಸೆತದಿಂದಲೇ ಚೆಂಡು ಹಿಡಿದು ಐದಾರು ಇನಿಂಗ್ಸ್‌ಗಳವರೆಗಾದರೂ ಎದುರಾಳಿಗಳನ್ನು ತಡೆಯುವ ಹೊಣೆ ಹೊತ್ತ, ಇಪ್ಪತ್ತು ದಾಟಿದ ಕೆಲವೇ ವರ್ಷಗಳ ಎಸೆತಗಾರರು. ಇವನು ಮುಂದಿನ ಹತ್ತು ವರ್ಷಗಳ ಆಧಾರಸ್ತಂಭ, ಅವನು ಸರದಿಯ ಐದನೆಯ ಸ್ಥಾನಕ್ಕಷ್ಟೇ ಲಾಯಕ್ಕು, ಮತ್ತೊಬ್ಬನನ್ನು ಬುಲ್‌ಪೆನ್‌ಗೆ, ಅಂದರೆ ಪಂದ್ಯದ ನಡುವೆಯೋ ಕೊನೆಗೋ ಒಂದೆರಡು ಇನಿಂಗ್ಸ್‌ಗೆ ಬಂದುಹೋಗುವ ಬದಲಿ ಎಸೆತಗಾರರ ಸಾಲಿಗೆ ತಳ್ಳಬೇಕು, ಮಗದೊಬ್ಬನಿಗೆ ಗುಂಡಿಗೆಯೇ ಇಲ್ಲವಾದ್ದರಿಂದ ಬೆಲೆ ಇರುವಾಗಲೇ ಬೇರೆ ತಂಡಕ್ಕೆ ಸಾಗಹಾಕಬೇಕು ಎಂಬ ತೀರ್ಪುಗಳು ಒಂದರ ಹಿಂದೊಂದು ಹೊರಬೀಳುತ್ತವೆ. ಇವುಗಳ ಬೆನ್ನಿಗಿರುವ ನಂಬಿಕೆ ಒಂದೇ: ಋತುವಿನ ಕೊನೆಯ ತಿಂಗಳು ಯುವ ಪಿಚರ್‌ನ ನಿಜಬಣ್ಣವನ್ನು ಬಯಲಿಗೆಳೆಯುತ್ತದೆ ಎಂಬುದು. ವೀಕ್ಷಕ ವಿವರಣೆಗಾರರು ಇದನ್ನು ದಿನವೂ ಜಪಿಸುತ್ತಾರೆ, ಅಂಕಣಕಾರರು ಇದರ ಮೇಲೆಯೇ ಅಂಕಣ ಕಟ್ಟುತ್ತಾರೆ, ತಂಡಗಳ ಮಾಲೀಕರು ಇದನ್ನು ಕೇಳಿ ಮೌನವಾಗಿ ತಲೆದೂಗುತ್ತಾರೆ. ಇಷ್ಟು ಜನ ಇಷ್ಟು ನೆಮ್ಮದಿಯಿಂದ ಒಪ್ಪಿಕೊಂಡಿರುವ ಈ ನಂಬಿಕೆಗೆ ಆಧಾರವೇ ಇಲ್ಲ. ಆಧಾರವಿಲ್ಲದಿರುವುದಷ್ಟೇ ಅದರ ದೋಷವಾಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು, ಆದರೆ ಅದು ಎಳೆಯರ ತೋಳುಗಳನ್ನು ಬಲಿ ತೆಗೆದುಕೊಳ್ಳುವ ವ್ಯವಸ್ಥೆಗೆ ಬೆಂಬಲವಾಗಿ ನಿಂತಿದೆ.

ಮೊದಲು ಸಾಕ್ಷ್ಯದ ಗುಣವನ್ನು ನೋಡಬೇಕು. ಮಾರ್ಚ್ ಕೊನೆಯಿಂದ ಸೆಪ್ಟೆಂಬರ್ ಕೊನೆಯವರೆಗೆ ಪ್ರತಿಯೊಂದು ತಂಡ 162 ಪಂದ್ಯಗಳನ್ನು ಆಡುತ್ತದೆ. ಐವರು ಪಿಚರ್‌ಗಳು ಸರದಿಯಂತೆ ಎಸೆಯುವುದರಿಂದ ಒಬ್ಬನ ಪಾಲಿಗೆ ಇಡೀ ಋತುವಿನಲ್ಲಿ ಮೂವತ್ತರ ಮೇಲೆ ಒಂದೆರಡು ಪಂದ್ಯ ಬಂದರೆ ಹೆಚ್ಚು, ಸೆಪ್ಟೆಂಬರಿನಲ್ಲಿ ಐದೋ ಆರೋ. ಆ ಐದಾರು ಪಂದ್ಯಗಳ ಸುಮಾರು ಮೂವತ್ತು ಇನಿಂಗ್ಸ್‌ಗಳಿಂದ ಒಬ್ಬ ಆಟಗಾರನ ಹದಿನೈದು ವರ್ಷಗಳ ಭವಿಷ್ಯವನ್ನು ಹೇಳಲು ಬೇಕಾದ ಧೈರ್ಯ ಜ್ಯೋತಿಷಿಗಳಲ್ಲೂ ಅಪರೂಪ. ಅವಾದರೂ ಎಂಥ ಪಂದ್ಯಗಳು? 2020ರ ನಿಯಮ ಬದಲಾವಣೆಯ ತನಕ ಸೆಪ್ಟೆಂಬರ್ ಒಂದರಿಂದ ತಂಡದ ಪಟ್ಟಿ ಇಪ್ಪತ್ತೈದರಿಂದ ನಲವತ್ತರವರೆಗೆ ಹಿಗ್ಗಬಹುದಾಗಿತ್ತು, ಈಗಲೂ ಇಪ್ಪತ್ತಾರರಿಂದ ಇಪ್ಪತ್ತೆಂಟಕ್ಕೆ ಏರುತ್ತದೆ. ಸೋತು ಕೈಚೆಲ್ಲಿದ ತಂಡಗಳು ಈ ತಿಂಗಳಲ್ಲಿ ಹಳಬರನ್ನು ಕೂರಿಸಿ ಕೆಳಹಂತದ ಮೈನರ್ ಲೀಗ್‌ನಿಂದ ಬಂದವರನ್ನು ಕಣಕ್ಕಿಳಿಸಿ ನೋಡುತ್ತವೆ. ಆದ್ದರಿಂದ ಒಬ್ಬನ ಎದುರಿಗೆ ಪ್ರಶಸ್ತಿಗೆ ಹೋರಾಡುವ ತಂಡದ ಘಟಾನುಘಟಿಗಳು ನಿಂತರೆ, ಇನ್ನೊಬ್ಬನ ಎದುರಿಗೆ ಆ ವಾರವಷ್ಟೇ ಮೇಲಕ್ಕೆ ಬಂದ ಅನನುಭವಿಗಳು ನಿಂತಿರುತ್ತಾರೆ. ಪಂಚಾಯಿತಿ ಇಬ್ಬರಿಗೂ ಒಂದೇ ಅಳತೆಗೋಲು ಹಿಡಿಯುತ್ತದೆ. ಇದಕ್ಕಿಂತ ಮುಖ್ಯವಾದ ಸಂಗತಿ ಆಯಾಸ. ಮೈನರ್ ಲೀಗ್‌ನಲ್ಲಿ ಸಾಮಾನ್ಯವಾಗಿ ವಾರಕ್ಕೊಮ್ಮೆ ಎಸೆದು, ಮೇಜರ್ ಲೀಗ್‌ಗಿಂತ ಚಿಕ್ಕದಾದ ಋತುವಿಗೆ ಮೈ ಒಗ್ಗಿಸಿಕೊಂಡ ಹುಡುಗ, ಸೆಪ್ಟೆಂಬರಿನ ಹೊತ್ತಿಗೆ ತನ್ನ ಜೀವಮಾನದಲ್ಲೇ ಎಂದೂ ಎಸೆಯದಷ್ಟು ಚೆಂಡುಗಳನ್ನು ಎಸೆದಿರುತ್ತಾನೆ. ದಣಿದ ದೇಹದ ಸುಸ್ತನ್ನು ಅಳೆದು ಅದಕ್ಕೆ ಪ್ರತಿಭೆಯ ಮಿತಿ ಎಂದು ಹೆಸರಿಡುವುದು ಯಾವ ಸೀಮೆಯ ನ್ಯಾಯ?

ಅಳತೆಗೋಲಿನ ಕಥೆ ಇನ್ನೂ ಸೊಗಸಾಗಿದೆ. ಹಳೆಯ ತಲೆಮಾರಿನ ಅಭಿಮಾನಿ ಇಂದಿಗೂ ಗೆಲುವು-ಸೋಲುಗಳನ್ನು ಪಿಚರ್‌ನ ಖಾತೆಗೆ ಬರೆಯುತ್ತಾನೆ, ತನ್ನ ತಂಡದ ಬ್ಯಾಟರ್‌ಗಳು ಎಷ್ಟು ರನ್ ಗಳಿಸುತ್ತಾರೆಂಬುದು ಪಿಚರ್‌ನ ಕೈಯಲ್ಲಿಲ್ಲ ಎಂಬ ಸರಳ ಸತ್ಯ ಕಣ್ಣೆದುರಿಗಿದ್ದರೂ. 2018ರಲ್ಲಿ ನ್ಯೂಯಾರ್ಕ್ ಮೆಟ್ಸ್‌ನ ಜೇಕಬ್ ಡಿಗ್ರಾಮ್ ಹತ್ತು ಗೆದ್ದು ಒಂಬತ್ತು ಸೋತು, 2025ರಲ್ಲಿ ಪಿಟ್ಸ್‌ಬರ್ಗ್ ಪೈರೇಟ್ಸ್‌ನ ಪಾಲ್ ಸ್ಕೀನ್ಸ್ ಹತ್ತು ಗೆದ್ದು ಹತ್ತು ಸೋತು, ತಂತಮ್ಮ ಲೀಗ್‌ನ ವರ್ಷದ ಅತ್ಯುತ್ತಮ ಪಿಚರ್‌ಗೆ ಸಲ್ಲುವ ಸೈ ಯಂಗ್ ಪ್ರಶಸ್ತಿ ಪಡೆದರು. ಡಿಗ್ರಾಮ್‌ಗೆ ಆಗ ಮೂವತ್ತರ ಪ್ರಾಯ, ಸ್ಕೀನ್ಸ್‌ಗೆ ಮೊದಲ ದಿನದಿಂದಲೇ ಖ್ಯಾತಿಯ ಕವಚವಿತ್ತು. ಅದೇ ಲೆಕ್ಕವನ್ನು ಹೆಸರಿಲ್ಲದ ಇಪ್ಪತ್ತೆರಡರ ಹುಡುಗನೊಬ್ಬ ತಂದಿಟ್ಟಿದ್ದರೆ ಅವನಿಗೆ ಗೆಲ್ಲುವ ಕಲೆ ಗೊತ್ತಿಲ್ಲ ಎಂಬ ಷರಾ ಬೀಳುತ್ತಿತ್ತು. ಇನ್ನೊಂದು ಪ್ರಸಿದ್ಧ ಅಂಕಿ ಇಆರ್‌ಎ: ಕ್ಷೇತ್ರರಕ್ಷಕರ ತಪ್ಪಿನಿಂದ ಬಂದವುಗಳನ್ನು ಬಿಟ್ಟು, ಒಂಬತ್ತು ಇನಿಂಗ್ಸ್‌ಗೆ ಪಿಚರ್ ಸರಾಸರಿ ಎಷ್ಟು ರನ್ ಬಿಟ್ಟುಕೊಟ್ಟ ಎಂಬ ಲೆಕ್ಕ. ಬ್ಯಾಟಿಗೆ ತಗುಲಿ ಮೈದಾನದೊಳಗೆ ಬಿದ್ದ ಚೆಂಡು ಹಿಟ್ ಆಗುವುದೋ ಔಟ್ ಆಗುವುದೋ ಎಂಬುದರ ಮೇಲೆ ಪಿಚರ್‌ಗಿರುವ ಹಿಡಿತ ಜನ ತಿಳಿದಿದ್ದಕ್ಕಿಂತ ಬಹಳ ಕಡಿಮೆ ಎಂದು ಬೇಸ್‌ಬಾಲ್ ವಿಶ್ಲೇಷಕ ವೊರೋಸ್ ಮೆಕ್‌ಕ್ರಾಕನ್ 2001ರಲ್ಲೇ ತೋರಿಸಿದ. ಅಂಥ ಚೆಂಡುಗಳಲ್ಲಿ ನೂರಕ್ಕೆ ಸುಮಾರು ಮೂವತ್ತು ಹಿಟ್ ಆಗುತ್ತವೆ, ಆದರೆ ಒಂದು ತಿಂಗಳಲ್ಲಿ ಅದು ಇಪ್ಪತ್ತೈದಕ್ಕೆ ಇಳಿಯಬಹುದು, ನಲವತ್ತಕ್ಕೂ ಏರಬಹುದು. ಏರಿದಾಗ ಪಿಚರ್ ದಡ್ಡನಾಗುತ್ತಾನೆ, ಇಳಿದಾಗ ಮೇಧಾವಿಯಾಗುತ್ತಾನೆ. ಇಷ್ಟು ಓದಿಕೊಂಡ ಹೊಸ ತಲೆಮಾರಿನ ಅಭಿಮಾನಿ ಹಳಬನನ್ನು ನೋಡಿ ನಗುತ್ತಾನಾದರೂ ತಾನು ಮಾಡುವುದು ಅದನ್ನೇ. ಚೆಂಡಿನ ತಿರುಗುವಿಕೆ, ಹೊರಳುವಿಕೆ, ನಿರೀಕ್ಷಿತ ಇಆರ್‌ಎ ಎಂದು ದಶಮಾಂಶದ ಎರಡು ಸ್ಥಾನಗಳವರೆಗೆ ಲೆಕ್ಕ ಹಾಕಿದರೂ ಕೆಳಗಿರುವುದು ಅವೇ ಮೂವತ್ತು ಇನಿಂಗ್ಸ್‌ಗಳು.

ಇತಿಹಾಸವಾದರೂ ಪಂಚಾಯಿತಿಯ ಕೈ ಹಿಡಿಯುತ್ತದೆಯೇ ಎಂದರೆ ಅದೂ ಇಲ್ಲ. ಶಿಕಾಗೊ ಕಬ್ಸ್‌ಗೆ 1987ರಲ್ಲಿ ಎಸೆದ ಗ್ರೆಗ್ ಮ್ಯಾಡಕ್ಸ್ ಆರು ಗೆದ್ದು ಹದಿನಾಲ್ಕು ಸೋತ, ಇಆರ್‌ಎ 5.61. ಅಟ್ಲಾಂಟಾದ ಟಾಮ್ ಗ್ಲಾವಿನ್ 1988ರಲ್ಲಿ ಏಳು ಗೆದ್ದು ಹದಿನೇಳು ಸೋತ. ಈ ಇಬ್ಬರೂ ಮುಂದೆ ಮುನ್ನೂರಕ್ಕಿಂತ ಹೆಚ್ಚು ಪಂದ್ಯಗಳನ್ನು ಗೆದ್ದು 2014ರಲ್ಲಿ ಒಟ್ಟಿಗೇ ಹಾಲ್ ಆಫ್ ಫೇಮ್ ಸೇರಿದರು. ಬಾಲ್ಟಿಮೋರ್ ತಂಡ 5.46ರ ಇಆರ್‌ಎ ನೋಡಿ ಬೇಸತ್ತು 2013ರಲ್ಲಿ ಬೇರೆಯವರಿಗೆ ದಾಟಿಸಿದ ಜೇಕ್ ಅರಿಯೆಟಾ ಎರಡೇ ವರ್ಷಗಳಲ್ಲಿ ಸೈ ಯಂಗ್ ಗೆದ್ದ. ಆದರೆ ಈ ನಂಬಿಕೆಯ ಟೊಳ್ಳುತನವನ್ನು ಎರಡೂ ಬದಿಯಿಂದ ತೋರಿಸುವವನು ರಾಯ್ ಹ್ಯಾಲಡೇ. ಕೆನಡಾದ ಟೊರೊಂಟೊ ಬ್ಲೂ ಜೇಸ್ ಪರವಾಗಿ 1998ರ ಸೆಪ್ಟೆಂಬರ್ 27ರಂದು, ಋತುವಿನ ಕೊನೆಯ ದಿನ, ತನ್ನ ವೃತ್ತಿಜೀವನದ ಎರಡನೆಯ ಪಂದ್ಯವನ್ನು ಆರಂಭಿಸಿದ ಈ ಇಪ್ಪತ್ತೊಂದರ ಹುಡುಗ, ಒಂಬತ್ತನೆಯ ಇನಿಂಗ್ಸ್‌ನ ಕೊನೆಯ ಔಟ್ ಒಂದೇ ಬಾಕಿ ಇರುವವರೆಗೆ ಡೆಟ್ರಾಯ್ಟ್ ತಂಡಕ್ಕೆ ಒಂದೂ ಹಿಟ್ ಕೊಡಲಿಲ್ಲ. ಆಗ ಬಾಬಿ ಹಿಗಿನ್‌ಸನ್ ಹೊಡೆದ ಹೋಮ್‌ರನ್ ಆ ಕನಸನ್ನು ಮುರಿಯಿತು. ಸೆಪ್ಟೆಂಬರ್ ನಿಜ ಹೇಳುವುದಾದರೆ ಅಲ್ಲಿಗೆ ಎಲ್ಲವೂ ನಿರ್ಧಾರವಾಗಿತ್ತು. ಎರಡು ವರ್ಷಗಳ ನಂತರ, 2000ದಲ್ಲಿ, ಅದೇ ಹ್ಯಾಲಡೇಯ ಇಆರ್‌ಎ 10.64, ಐವತ್ತು ಇನಿಂಗ್ಸ್‌ಗಳನ್ನಾದರೂ ಎಸೆದವರ ಪೈಕಿ ಅದಕ್ಕಿಂತ ಕೆಟ್ಟ ಋತುವನ್ನು ಲೀಗ್ ಕಂಡಿರಲಿಲ್ಲ. ಈಗ ಅವನ ಕಥೆ ಮುಗಿಯಿತೆಂದು ಬರೆದವರಿಗೂ ಸಾಕ್ಷ್ಯದ ಕೊರತೆ ಇರಲಿಲ್ಲ. ಆದರೆ 2001ರಲ್ಲಿ ತಂಡ ಅವನನ್ನು ಡನೀಡನ್‌ನ ಕೆಳಹಂತದ ತಂಡಕ್ಕೆ ಕಳುಹಿಸಿತು, ಮೆಲ್ ಕ್ವೀನ್ ಎಂಬ ಹಿರಿಯ ಶಿಕ್ಷಕ ಅವನ ತೋಳಿನ ಕೋನವನ್ನೇ ಬದಲಿಸಿ ಎಸೆತವನ್ನು ಬುಡದಿಂದ ಮರಳಿ ಕಟ್ಟಿದ, 2003ರಲ್ಲಿ ಮತ್ತು 2010ರಲ್ಲಿ ಹ್ಯಾಲಡೇ ಸೈ ಯಂಗ್ ಗೆದ್ದ, 2010ರ ಮೇ ತಿಂಗಳಲ್ಲಿ ಒಬ್ಬನೇ ಒಬ್ಬ ಬ್ಯಾಟರನ್ನೂ ಬೇಸ್ ಮುಟ್ಟಲು ಬಿಡದ ಪರಿಪೂರ್ಣ ಪಂದ್ಯ ಎಸೆದ. ವೈಭವದ ಸೆಪ್ಟೆಂಬರೂ ಸುಳ್ಳು ಹೇಳಿತು, ದುರಂತದ ಋತುವೂ ಸುಳ್ಳು ಹೇಳಿತು. ಫಲ ಕೊಟ್ಟದ್ದು ತಾಳ್ಮೆ ಮತ್ತು ಒಳ್ಳೆಯ ಗುರು, ಮತ್ತು ಪಂಚಾಯಿತಿಯ ಬಳಿ ಈ ಎರಡೂ ಇರುವುದಿಲ್ಲ.

ಅಂಕಿಗಳು ಸೋತಾಗ ಅಭಿಮಾನಿ ಹಿಡಿಯುವ ಕೊನೆಯ ಅಸ್ತ್ರ ಗುಂಡಿಗೆ. ನೋವಿದ್ದರೂ ಎಸೆಯುವವನು ಗಂಡು, ನಿಲ್ಲಿಸುವವನು ಹೇಡಿ ಎಂಬ ಈ ನೀತಿಶಾಸ್ತ್ರಕ್ಕೆ ಎರಡು ಪ್ರಕರಣಗಳು ಸಾಕು. ವಾಷಿಂಗ್ಟನ್ ನ್ಯಾಷನಲ್ಸ್‌ನ ಸ್ಟೀಫನ್ ಸ್ಟ್ರಾಸ್‌ಬರ್ಗ್ 2010ರಲ್ಲಿ ಮೊಣಕೈಗೆ ಟಾಮಿ ಜಾನ್ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದ. ಮೊಣಕೈಯ ಒಳಬದಿಯಲ್ಲಿ ಹರಿದ ಅಸ್ಥಿರಜ್ಜುವಿನ ಜಾಗಕ್ಕೆ ದೇಹದ ಬೇರೆ ಕಡೆಯ ಸ್ನಾಯುರಜ್ಜುವನ್ನು ತಂದು ಕಟ್ಟುವ ಈ ಚಿಕಿತ್ಸೆಯನ್ನು 1974ರಲ್ಲಿ ಡಾ. ಫ್ರಾಂಕ್ ಜೋಬ್ ಮೊದಲ ಬಾರಿಗೆ ಮಾಡಿದ್ದು ಪಿಚರ್ ಟಾಮಿ ಜಾನ್‌ಗೆ. ಚೇತರಿಕೆಗೆ ಒಂದು ವರ್ಷಕ್ಕೂ ಹೆಚ್ಚು ಬೇಕು. ಅದರಿಂದ ಮರಳಿದ ಸ್ಟ್ರಾಸ್‌ಬರ್ಗ್‌ನನ್ನು ತಂಡದ ಜನರಲ್ ಮ್ಯಾನೇಜರ್ ಮೈಕ್ ರಿಝೊ 2012ರ ಸೆಪ್ಟೆಂಬರಿನಲ್ಲಿ, 159 ಇನಿಂಗ್ಸ್‌ಗಳು ಮುಗಿದ ಮೇಲೆ, ಮೊದಲೇ ಹೇಳಿದ್ದಂತೆ ವಿಶ್ರಾಂತಿಗೆ ಕಳುಹಿಸಿದ. ತಂಡ ಪ್ಲೇಆಫ್‌ನ ಮೊದಲ ಸುತ್ತಿನಲ್ಲೇ ಸೋತಿತು. ಸೋತದ್ದು ಕೊನೆಯ ಪಂದ್ಯದಲ್ಲಿ ಆರು ರನ್‌ಗಳ ಮುನ್ನಡೆಯನ್ನು ಕಳೆದುಕೊಂಡು, ಒಂಬತ್ತನೆಯ ಇನಿಂಗ್ಸ್‌ನಲ್ಲಿ ನಾಲ್ಕು ರನ್ ಬಿಟ್ಟುಕೊಟ್ಟು. ಆ ಒಂಬತ್ತನೆಯ ಇನಿಂಗ್ಸ್‌ಗೂ ಆರಂಭಿಕ ಪಿಚರ್ ಸ್ಟ್ರಾಸ್‌ಬರ್ಗ್‌ಗೂ ಏನು ಸಂಬಂಧ ಎಂದು ಯಾರೂ ಕೇಳಲಿಲ್ಲ, ಅಪವಾದ ಮಾತ್ರ ವರ್ಷಗಟ್ಟಲೆ ಬೆನ್ನು ಹತ್ತಿತು. 2019ರಲ್ಲಿ ಅದೇ ಸ್ಟ್ರಾಸ್‌ಬರ್ಗ್ ವರ್ಲ್ಡ್ ಸೀರೀಸ್‌ನ ಅತ್ಯಮೂಲ್ಯ ಆಟಗಾರನಾಗಿ ತಂಡಕ್ಕೆ ಕಿರೀಟ ತಂದುಕೊಟ್ಟಾಗ, ಏಳು ವರ್ಷಗಳ ಹಿಂದಿನ ತೀರ್ಪನ್ನು ಹಿಂದಕ್ಕೆ ತೆಗೆದುಕೊಂಡ ಪಂಚರು ಎಷ್ಟು ಜನ?

ನ್ಯೂಯಾರ್ಕ್ ಮೆಟ್ಸ್‌ನ ಮ್ಯಾಟ್ ಹಾರ್ವಿ ಇದಕ್ಕೆ ತದ್ವಿರುದ್ಧವಾದ ದಾರಿ ಹಿಡಿದ, ಅಥವಾ ಹಿಡಿಯುವಂತೆ ಮಾಡಲಾಯಿತು. ಅದೇ ಶಸ್ತ್ರಚಿಕಿತ್ಸೆಗಾಗಿ 2014ರ ಋತುವನ್ನು ಪೂರ್ತಿ ಕಳೆದುಕೊಂಡು 2015ರಲ್ಲಿ ಮರಳಿದ್ದ ಅವನಿಗೆ 180 ಇನಿಂಗ್ಸ್‌ಗಳ ಮಿತಿ ಇರಬೇಕೆಂದು ಅವನ ಪ್ರತಿನಿಧಿ ಸ್ಕಾಟ್ ಬೋರಸ್ ಸೆಪ್ಟೆಂಬರಿನಲ್ಲಿ ಹೇಳಿದಾಗ ನ್ಯೂಯಾರ್ಕ್ ಅವನನ್ನು ಸ್ವಾರ್ಥಿ ಎಂದು ಜರೆಯಿತು. ಹಾರ್ವಿ ಮಣಿದ. ಪ್ಲೇಆಫ್ ಸೇರಿ ಆ ವರ್ಷ ಅವನು ಎಸೆದದ್ದು 216 ಇನಿಂಗ್ಸ್. ವರ್ಲ್ಡ್ ಸೀರೀಸ್‌ನ ಐದನೆಯ ಪಂದ್ಯದಲ್ಲಿ ಎಂಟು ಇನಿಂಗ್ಸ್ ಮುಗಿಸಿದ ಅವನನ್ನು ಬದಲಿಸಲು ಹೊರಟಿದ್ದ ಮ್ಯಾನೇಜರ್ ಟೆರ್ರಿ ಕಾಲಿನ್ಸ್, ಹಾರ್ವಿಯ ಹಟಕ್ಕೂ ಅವನ ಹೆಸರು ಹಿಡಿದು ಕೂಗುತ್ತಿದ್ದ ಕ್ರೀಡಾಂಗಣಕ್ಕೂ ಸೋತು ಒಂಬತ್ತನೆಯದಕ್ಕೂ ಕಳುಹಿಸಿದ. ಮುನ್ನಡೆ ಕರಗಿತು, ಪಂದ್ಯವೂ ಸರಣಿಯೂ ಕೈತಪ್ಪಿದವು. ಮರುವರ್ಷ ಜುಲೈನಲ್ಲಿ ಅವನಿಗೆ ಥೊರಾಸಿಕ್ ಔಟ್‌ಲೆಟ್ ಸಿಂಡ್ರೋಮ್, ಅಂದರೆ ಕೊರಳೆಲುಬು ಮತ್ತು ಮೊದಲ ಪಕ್ಕೆಲುಬಿನ ನಡುವೆ ನರ ಹಾಗೂ ರಕ್ತನಾಳಗಳು ಅದುಮಿಹೋಗುವ ತೊಂದರೆಗೆ ಮತ್ತೊಂದು ಶಸ್ತ್ರಚಿಕಿತ್ಸೆ. ಹಳೆಯ ಹಾರ್ವಿ ಮತ್ತೆಂದೂ ಮರಳಲಿಲ್ಲ. ಆ 216 ಇನಿಂಗ್ಸ್‌ಗಳೇ ಅದಕ್ಕೆ ಕಾರಣವೆಂದು ಯಾರೂ ಸಾಧಿಸಲಾರರು, ಕಾರಣವಲ್ಲವೆಂದೂ ಸಾಧಿಸಲಾರರು. ಸಾಧಿಸಬಹುದಾದದ್ದು ಇಷ್ಟೇ: ನಿಲ್ಲಿಸಿದವನೂ ಅಪರಾಧಿಯಾದ, ನಿಲ್ಲಿಸದವನೂ ಮುಗಿದುಹೋದವನೆನಿಸಿಕೊಂಡ, ಇಬ್ಬರಿಗೂ ಶಿಕ್ಷೆ ಕೊಟ್ಟ ಪಂಚರ ಕೂದಲೂ ಕೊಂಕಲಿಲ್ಲ.

ಇವರಿಗಿಂತ ಹಿಂದಿನ ಮಾರ್ಕ್ ಪ್ರಯರ್‌ನನ್ನು ಇಲ್ಲಿ ಬಿಡುವಂತಿಲ್ಲ. ಎಸೆಯುವ ಶೈಲಿಯಲ್ಲಿ ದೋಷವೇ ಇಲ್ಲವೆಂದು ಹೊಗಳಿಸಿಕೊಂಡಿದ್ದ ಅವನು 2003ರ ಸೆಪ್ಟೆಂಬರಿನಲ್ಲಿ, ಇಪ್ಪತ್ತಮೂರಕ್ಕೆ ಕಾಲಿಟ್ಟ ತಿಂಗಳಲ್ಲಿ, ಶಿಕಾಗೊ ಕಬ್ಸ್‌ಗಾಗಿ ಪಂದ್ಯದ ಮೇಲೆ ಪಂದ್ಯದಲ್ಲಿ 120ಕ್ಕಿಂತ ಹೆಚ್ಚು ಎಸೆತಗಳನ್ನು ಎಸೆದ. ನೂರರ ಸುತ್ತಮುತ್ತ ಪಿಚರ್‌ನನ್ನು ಬದಲಿಸುವುದು ಆಗಲೇ ವಾಡಿಕೆಯಾಗಿತ್ತು. ಅಂದು ಅದನ್ನು ಪೌರುಷವೆಂದು ಕೊಂಡಾಡಿದರು. 2006ರ ಆಗಸ್ಟ್ ನಂತರ ಪ್ರಯರ್ ಮೇಜರ್ ಲೀಗ್‌ನಲ್ಲಿ ಎಸೆಯಲಿಲ್ಲ, ಆಗ ಅವನಿಗಿನ್ನೂ ಇಪ್ಪತ್ತಾರು ತುಂಬಿರಲಿಲ್ಲ. ಅವನೀಗ ಲಾಸ್ ಏಂಜಲೀಸ್ ಡಾಜರ್ಸ್‌ನಲ್ಲಿ ಪಿಚರ್‌ಗಳ ತರಬೇತುದಾರ, ತಾನು ಪಡೆಯದ ಎಚ್ಚರಿಕೆಯನ್ನು ಬೇರೆಯವರ ತೋಳುಗಳಿಗೆ ಕೊಡಬಹುದಾದ ಸ್ಥಾನ ಅದು. ಅದೇ ಕಾಲದಿಂದ ಹುಟ್ಟಿದ ಇನ್ನೊಂದು ಮೂಢನಂಬಿಕೆಯೂ ಇದೆ: ಇಪ್ಪತ್ತೈದರೊಳಗಿನವನ ಇನಿಂಗ್ಸ್ ಹಿಂದಿನ ವರ್ಷಕ್ಕಿಂತ ಮೂವತ್ತು ಹೆಚ್ಚಾದರೆ ಅಪಾಯ ಎಂದು ಪತ್ರಕರ್ತ ಟಾಮ್ ವರ್ಡೂಚಿ ಮುಂದಿಟ್ಟ ಸೂತ್ರ. ಪರೀಕ್ಷಿಸಿದವರಿಗೆ ಅದರಲ್ಲಿ ಹುರುಳು ಕಾಣಲಿಲ್ಲ, ಆದರೂ ತಮಗೆ ಬೇಡವಾದ ಹುಡುಗನ ವಿಷಯ ಬಂದಾಗ ಅಭಿಮಾನಿಗಳಿಗೆ ಅದು ವೇದವಾಕ್ಯ, ಬೇಕಾದ ಪಂದ್ಯ ಗೆಲ್ಲಬೇಕಾದಾಗ ಕಸ.

ಈ ಎಲ್ಲ ಮಾತುಗಳು ಗಾಳಿಯಲ್ಲಿ ಕರಗಿಹೋಗುವಂಥವಾಗಿದ್ದರೆ ಇಷ್ಟು ಉದ್ದದ ಖಂಡನೆ ಬೇಕಿರಲಿಲ್ಲ. ಅವು ಕರಗುವುದಿಲ್ಲ. ಪ್ರತಿಯೊಂದು ಎಸೆತದ ವೇಗ ಇಂದು ಕ್ರೀಡಾಂಗಣದ ಫಲಕದ ಮೇಲೂ ಟಿವಿಯ ಮೂಲೆಯಲ್ಲೂ ಮಿನುಗುತ್ತದೆ; ಗಂಟೆಗೆ ಇಷ್ಟು ಮೈಲಿ ಎಂಬ ಲೆಕ್ಕದಲ್ಲಿ ಮೂರಂಕಿ ಕಂಡೊಡನೆ ಜನ ಎದ್ದು ನಿಂತು ಕೂಗುತ್ತಾರೆ, ಸೆಪ್ಟೆಂಬರಿನಲ್ಲಿ ಅದು ಒಂದು ಮೈಲಿ ಇಳಿದರೆ ಹುಡುಗ ಮುಗಿದನೆಂದು ಗೊಣಗುತ್ತಾರೆ. ಆ ಗೊಣಗಾಟ ಅವನ ಕಿವಿಗೂ ಬೀಳುತ್ತದೆ, ಅವನನ್ನು ಉಳಿಸಿಕೊಳ್ಳಬೇಕೋ ಬೇಡವೋ ಎಂದು ನಿರ್ಧರಿಸುವವರ ಕಿವಿಗೂ ಬೀಳುತ್ತದೆ. ದಣಿದಾಗ ವೇಗ ಇಳಿಸಿ ತೋಳನ್ನು ಕಾಯ್ದುಕೊಳ್ಳುವ ಹಳೆಯ ಜಾಣತನಕ್ಕೆ ಇಲ್ಲಿ ಮರ್ಯಾದೆ ಇಲ್ಲವಾದ್ದರಿಂದ ಅವನು ಪ್ರತಿ ಚೆಂಡನ್ನೂ ಮೈಯ ಕೊನೆಯ ಬಲ ಹಾಕಿ ಎಸೆಯುತ್ತಾನೆ. ಲೀಗ್ ತಾನೇ 2024ರ ಡಿಸೆಂಬರಿನಲ್ಲಿ ಪ್ರಕಟಿಸಿದ ಅಧ್ಯಯನ ವರದಿ ಇದನ್ನು ಮುಚ್ಚಿಡಲಿಲ್ಲ: ಫಾಸ್ಟ್‌ಬಾಲ್‌ನ ಸರಾಸರಿ ವೇಗ 2008ರಲ್ಲಿ ಗಂಟೆಗೆ 91.3 ಮೈಲಿ ಇದ್ದದ್ದು 2024ಕ್ಕೆ 94.2ಕ್ಕೆ, ಅಂದರೆ ಸುಮಾರು 147ರಿಂದ 152 ಕಿಲೋಮೀಟರಿಗೆ ಏರಿದೆ. ಮೇಜರ್ ಮತ್ತು ಮೈನರ್ ಲೀಗ್‌ಗಳು ಸೇರಿ 2010ರಲ್ಲಿ 104 ಇದ್ದ ಟಾಮಿ ಜಾನ್ ಶಸ್ತ್ರಚಿಕಿತ್ಸೆಗಳು 2024ರಲ್ಲಿ 281 ಆಗಿವೆ. ವೇಗದ ಬೆನ್ನಟ್ಟುವಿಕೆ ಮತ್ತು ಪ್ರತಿ ಎಸೆತಕ್ಕೂ ಗರಿಷ್ಠ ಬಲ ಹಾಕುವ ಅಭ್ಯಾಸ ಗಾಯಗಳಿಗೆ ಮುಖ್ಯ ಕಾರಣಗಳಿರಬಹುದು ಎನ್ನುತ್ತದೆ ಅದು. ವರದಿ ತಂಡಗಳನ್ನು ದೂಷಿಸುತ್ತದೆ, ತರಬೇತಿ ಶಾಲೆಗಳನ್ನು ದೂಷಿಸುತ್ತದೆ. ಫಲಕ ನೋಡಿ ಚಪ್ಪಾಳೆ ತಟ್ಟಿದವರಿಗೆ ಪಾಲೇ ಇಲ್ಲವೇ?

ಇನ್ನು ಈ ನಂಬಿಕೆಯ ಲಾಭ ಯಾರ ಜೇಬಿಗೆ ಹೋಗುತ್ತದೆ ಎಂಬ ಪ್ರಶ್ನೆ. ಮೇಜರ್ ಲೀಗ್‌ನಲ್ಲಿ ಆಟಗಾರ ತನಗೆ ಬೇಕಾದ ತಂಡದೊಡನೆ ಮುಕ್ತವಾಗಿ ಒಪ್ಪಂದ ಮಾಡಿಕೊಳ್ಳಬೇಕಾದರೆ ಆರು ವರ್ಷಗಳ ಸೇವೆ ಮುಗಿಸಿರಬೇಕು, ಮೊದಲ ಮೂರು ವರ್ಷಗಳಲ್ಲಿ ಅವನ ಸಂಬಳ ಸಾಮಾನ್ಯವಾಗಿ ಕನಿಷ್ಠ ವೇತನದ ಆಸುಪಾಸಿನಲ್ಲೇ ಇರುತ್ತದೆ; 2025ರಲ್ಲಿ ಆ ಕನಿಷ್ಠ 7,60,000 ಡಾಲರ್. ಸಾಮಾನ್ಯರ ಕಣ್ಣಿಗೆ ಅದು ಸಂಪತ್ತೇ, ಆದರೆ ಅದೇ ಕೆಲಸ ಮಾಡುವ ಹಿರಿಯ ಪಿಚರ್ ವರ್ಷಕ್ಕೆ ಕೋಟಿಗಟ್ಟಲೆ ಡಾಲರ್ ಎಣಿಸುತ್ತಾನೆ. ಆದ್ದರಿಂದ ಎಳೆಯ ತೋಳನ್ನು ಅಗ್ಗದ ವರ್ಷಗಳಲ್ಲೇ ಹಿಂಡಿಕೊಳ್ಳುವುದು ಮಾಲೀಕನಿಗೆ ಶುದ್ಧ ವ್ಯಾಪಾರ. ಇದಲ್ಲದೆ ಆಪ್ಷನ್ ಎಂಬ ಏರ್ಪಾಡಿನಡಿ ಮೂರು ಋತುಗಳ ಕಾಲ ತಂಡ ಅವನನ್ನು ಅವನ ಒಪ್ಪಿಗೆ ಕೇಳದೆ ಮೈನರ್ ಲೀಗ್‌ಗೆ ಇಳಿಸಬಹುದು; ಇಳಿದಾಗ ಸಂಬಳ ಹಲವು ಪಟ್ಟು ಕುಸಿಯುತ್ತದೆ, ಸೇವೆಯ ದಿನಗಳ ಎಣಿಕೆಯೂ ನಿಲ್ಲುತ್ತದೆ. ಸೆಪ್ಟೆಂಬರಿನ ಪಂಚರು ಮಾತಾಡುವ ಭಾಷೆಯನ್ನು ಕಿವಿಗೊಟ್ಟು ಕೇಳಿದರೆ ಅದು ಆಟ ಪ್ರೀತಿಸುವವನ ಭಾಷೆಯಲ್ಲ, ಮಾಲೀಕನ ಗುಮಾಸ್ತನ ಭಾಷೆ: ಇವನ ಮೇಲೆ ಇನ್ನೂ ನಾಲ್ಕು ವರ್ಷ ಅಗ್ಗದ ಹಿಡಿತವಿದೆ, ಅವನಿಗೆ ಇನ್ನೊಂದು ಆಪ್ಷನ್ ಉಳಿದಿದೆ, ಇವನ ಮಾರುಕಟ್ಟೆ ಬೆಲೆ ಇಳಿಯುವ ಮೊದಲು ಕೈಬದಲಿಸಿ. ಟಿಕೆಟ್ಟಿಗೂ ಬಿಯರಿಗೂ ಇದೇ ಮಾಲೀಕನಿಗೆ ದುಬಾರಿ ಬೆಲೆ ತೆರುವ ಜನ, ಅವನ ಸಂಬಳದ ಪಟ್ಟಿಯನ್ನು ಪುಕ್ಕಟೆಯಾಗಿ ಬರೆದುಕೊಡುವಷ್ಟು ಉದಾರಿಗಳಾದದ್ದು ಯಾವಾಗ?

ಇದು ಬರೀ ಕಾಲಕ್ಷೇಪ, ಅಭಿಮಾನಿಗೆ ಹರಟುವ ಹಕ್ಕಾದರೂ ಬೇಡವೇ ಎಂಬ ಸಮರ್ಥನೆ ಇಲ್ಲಿ ಬರುವುದು ಸಹಜ. ಹರಟಲಿ. ಆದರೆ ಗೆದ್ದಾಗ ಹತ್ತನೆಯ ಆಟಗಾರ ತಾವೇ ಎಂದು ಎದೆ ತಟ್ಟಿಕೊಳ್ಳುವವರು, ತೋಳು ಹರಿದಾಗ ತಾವು ಕೇವಲ ಪ್ರೇಕ್ಷಕರು ಎಂದು ಜಾರಿಕೊಳ್ಳುವುದನ್ನು ಒಪ್ಪಲಾಗದು. ತಮ್ಮ ಕೂಗಿಗೆ ಶಕ್ತಿಯಿದೆಯೆಂದು ಅವರು ನಂಬುವುದಾದರೆ ಆ ಶಕ್ತಿಯ ಹೊಣೆಯನ್ನೂ ಹೊರಬೇಕು.

ಹೊರುವ ದಾರಿ ಅಸ್ಪಷ್ಟವೇನಲ್ಲ. ಯುವ ಪಿಚರ್ ಮೂರು ಋತುಗಳನ್ನಾದರೂ ಮುಗಿಸುವ ತನಕ ಅವನಿಗೆ ಸ್ಥಾನದ ಸಂಖ್ಯೆ ಹಚ್ಚುವುದನ್ನು ಅಭಿಮಾನಿಗಳು ನಿಲ್ಲಿಸಬೇಕು. ವೇಗದ ಫಲಕಕ್ಕೆ ಚಪ್ಪಾಳೆ ತಟ್ಟುವ ಕೈಗಳು, ಎಂಬತ್ತು ಎಸೆತ ಮುಗಿಸಿ ದಣಿದು ಮೈದಾನದಿಂದ ಹೊರನಡೆಯುವ ಹುಡುಗನಿಗೂ ಚಪ್ಪಾಳೆ ತಟ್ಟಬೇಕು. ಸೆಪ್ಟೆಂಬರಿನಲ್ಲಿ ಕೇಳಬೇಕಾದ ಪ್ರಶ್ನೆಗಳು ಹುಡುಗನಿಗಲ್ಲ, ಅವನನ್ನು ಎಸೆಯಲು ಕಳುಹಿಸುವವರಿಗೆ: ಕಳೆದ ವರ್ಷಕ್ಕಿಂತ ಇವನ ಹೊರೆ ಎಷ್ಟು ಏರಿದೆ, ನೋವೆಂದು ಹೇಳಿದರೆ ಸ್ಥಾನ ಕಳೆದುಕೊಳ್ಳುವುದಿಲ್ಲ ಎಂಬ ಭರವಸೆಯನ್ನು ಅವನಿಗೆ ಯಾರು ಕೊಟ್ಟಿದ್ದಾರೆ, ಹ್ಯಾಲಡೇಗೆ ಸಿಕ್ಕಂಥ ಗುರು ಈ ತಂಡದಲ್ಲಿ ಎಲ್ಲಿದ್ದಾನೆ? ಎಲ್ಲಕ್ಕಿಂತ ಮುಖ್ಯವಾಗಿ, ಆಟಗಾರರ ಸಂಘ ಮತ್ತು ಮಾಲೀಕರ ನಡುವೆ 2022ರಲ್ಲಿ ಆದ ಒಪ್ಪಂದದ ಅವಧಿ 2026ರ ಡಿಸೆಂಬರ್ 1ಕ್ಕೆ ಮುಗಿಯುತ್ತದೆ. ಆ ಒಪ್ಪಂದಕ್ಕೆ ಮುನ್ನ ಮಾಲೀಕರು 99 ದಿನ ಲೀಗ್‌ನ ಬಾಗಿಲು ಮುಚ್ಚಿದಾಗ, ಕೋಟ್ಯಧಿಪತಿಗಳ ಜಗಳ ನಮಗೇಕೆ ಎಂದು ಅನೇಕ ಅಭಿಮಾನಿಗಳು ಮುಖ ತಿರುಗಿಸಿದ್ದರು. ಈ ಸಲ ಮುಖ ತಿರುಗಿಸಬಾರದು. ಆರು ವರ್ಷಗಳ ಕಟ್ಟನ್ನು ಕಡಿಮೆ ಮಾಡಿ, ಎಳೆಯ ಪಿಚರ್‌ನ ಮೊದಲ ಋತುವಿನಿಂದಲೇ ಅವನ ದುಡಿಮೆಗೆ ತಕ್ಕ ಸಂಬಳ ಕೊಡಿ, ಗಾಯಗೊಂಡವನ ಮುಂದಿನ ವರ್ಷಗಳ ವೇತನಕ್ಕೆ ಭದ್ರತೆ ಕೊಡಿ ಎಂದು ಮಾಲೀಕರ ಮುಖಕ್ಕೆ ಹೇಳಬೇಕು, ಹೇಳಿ ಕೇಳದಿದ್ದರೆ ಟಿಕೆಟ್ ಕೊಳ್ಳದೆ ಹೇಳಬೇಕು. ಅಗ್ಗದ ತೋಳು ಅಗ್ಗವಾಗಿ ಉಳಿಯದ ದಿನ, ಅದನ್ನು ಸೆಪ್ಟೆಂಬರಿನಲ್ಲಿ ಹಿಂಡಿ ಬಿಸಾಡುವ ಮೊದಲು ಮಾಲೀಕನೇ ಎರಡು ಬಾರಿ ಲೆಕ್ಕ ಹಾಕುತ್ತಾನೆ.